ಭಾಗಲಬ್ಧ ಬೀಜೋಕ್ತಿಗಳ ಭಾಗಾಕಾರ: ಮಗುವಿಗೂ ಮನೆಯವರಿಗೂ ಒಂದು ಪಾಠ



ವಾರ್ಷಿಕ ವರದಿಯಲ್ಲಿ ಲೆಕ್ಕಪತ್ರ, ವಿದ್ಯಾರ್ಥಿವೇತನದ ವಿವರ ಮತ್ತು ಮುಂದಿನ ಸಾಲಿನ ಅರ್ಜಿಯ ಪ್ರಕಟಣೆಯ ಜೊತೆಗೆ ಮಕ್ಕಳ ಓದಿಗೆ ನೇರವಾಗಿ ಉಪಯೋಗವಾಗುವ ಒಂದು ಪಾಠವೂ ಇರಲಿ ಎಂದು ಟ್ರಸ್ಟಿನ ಹಿರಿಯರು ಅಪೇಕ್ಷಿಸಿದರು. ಅದರಂತೆ ಗಣಿತದ ಒಂದು ಸಣ್ಣ ವಿಷಯವನ್ನು ಆರಿಸಿಕೊಂಡಿದ್ದೇನೆ. ವಿಷಯ ಸಣ್ಣದು, ಆದರೆ ಅನೇಕ ಮಕ್ಕಳ ದಾರಿ ತಪ್ಪುವುದು ಇಲ್ಲಿಯೇ.

ಅರ್ಜಿಯ ಜೊತೆ ಬರುವ ಅಂಕಪಟ್ಟಿಗಳನ್ನು ನೋಡುವಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಭಾಷೆಗಳಲ್ಲಿ, ಸಮಾಜ ವಿಜ್ಞಾನದಲ್ಲಿ ಒಳ್ಳೆಯ ಅಂಕ ಪಡೆದ ಮಗು ಗಣಿತದಲ್ಲಿ ಮಾತ್ರ ಅಂಚಿನಲ್ಲಿ ಪಾಸಾಗಿರುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಸಂಜೆ ಮನೆಯಲ್ಲಿ ಮಾತುಕತೆ ನಡೆಯುತ್ತದೆ. "ಇವಳಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ, ಸೈನ್ಸ್ ಬೇಡ, ಕಾಮರ್ಸೂ ಬೇಡ" ಎಂಬ ತೀರ್ಮಾನ ಅರ್ಧ ಗಂಟೆಯಲ್ಲಿ ಆಗಿಬಿಡುತ್ತದೆ. ಕಲಾ ವಿಭಾಗವನ್ನು ಇಷ್ಟಪಟ್ಟು ಆರಿಸಿಕೊಂಡರೆ ಸಂತೋಷ. ಲೆಕ್ಕಕ್ಕೆ ಹೆದರಿ ಆರಿಸಿಕೊಂಡರೆ ಅದು ನಷ್ಟ. ಆ ಹೆದರಿಕೆಯ ಬುಡವನ್ನು ಹುಡುಕಿಕೊಂಡು ಹೋದರೆ ಸಿಗುವುದು ಬುದ್ಧಿಯ ಕೊರತೆ ಅಲ್ಲ. ಐದನೇ, ಆರನೇ ತರಗತಿಯ ಭಿನ್ನರಾಶಿಯಲ್ಲಿ ಕಾರಣ ತಿಳಿಯದೆ ಬಾಯಿಪಾಠ ಮಾಡಿದ ಎರಡು ಮೂರು ನಿಯಮಗಳು. ಅವೇ ನಿಯಮಗಳು ಒಂಬತ್ತು, ಹತ್ತನೇ ತರಗತಿಯಲ್ಲಿ ಅಕ್ಷರಗಳ ವೇಷ ಹಾಕಿಕೊಂಡು ಬಂದಾಗ ಮಗು ತಬ್ಬಿಬ್ಬಾಗುತ್ತದೆ.

ಆದ್ದರಿಂದ ಈ ಪಾಠವನ್ನು ಸಂಖ್ಯೆಗಳಿಂದ ಆರಂಭಿಸಿ ಅಕ್ಷರಗಳಿಗೆ ಬರೋಣ. ಪಾಠದ ಕೊನೆಯಲ್ಲಿ, ಐದನೇ ತರಗತಿವರೆಗೆ ಮಾತ್ರ ಓದಿದ ತಾಯಿ ತಂದೆಯೂ ಮಗುವಿನ ಬೀಜಗಣಿತದ ಉತ್ತರ ಸರಿಯೋ ತಪ್ಪೋ ಎಂದು ನೋಡಬಲ್ಲ ಒಂದು ವಿಧಾನವಿದೆ. ಪೋಷಕರು ಅದನ್ನು ತಪ್ಪದೆ ಓದಬೇಕೆಂದು ವಿನಂತಿ.

ಒಂದು ಸೂಚನೆ. ಪಠ್ಯಪುಸ್ತಕದಲ್ಲಿ ಎಕ್ಸ್ ಎಂಬ ಇಂಗ್ಲಿಷ್ ಅಕ್ಷರ ಇರುವ ಕಡೆ ಇಲ್ಲಿ ‘ಯ’ ಎಂದು ಬರೆದಿದ್ದೇನೆ. ಇದು ಹೊಸದೇನೂ ಅಲ್ಲ. ನಮ್ಮ ದೇಶದ ಹಳೆಯ ಗಣಿತಜ್ಞರು ತಿಳಿಯದ ರಾಶಿಯನ್ನು ‘ಯಾವತ್ತಾವತ್’ ಎಂದು ಕರೆದು, ಅದರ ಮೊದಲ ಅಕ್ಷರ ‘ಯಾ’ ಎಂದಷ್ಟೇ ಬರೆಯುತ್ತಿದ್ದರು.

1. ತಲೆಕೆಳಗು ಮಾಡುವುದು ಯಾಕೆ?

"ಭಿನ್ನರಾಶಿಯಿಂದ ಭಾಗಿಸಬೇಕಾದರೆ ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸು." ಈ ನಿಯಮ ಎಲ್ಲ ಮಕ್ಕಳಿಗೂ ಗೊತ್ತು. ಯಾಕೆ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ದರ್ಜಿಯ ಅಂಗಡಿಗೆ ಹೋಗೋಣ.

ನಾಲ್ಕೂವರೆ ಮೀಟರ್ ಬಟ್ಟೆ ಇದೆ. ಒಂದು ಸಣ್ಣ ಅಂಗಿಗೆ ಮುಕ್ಕಾಲು ಮೀಟರ್ ಬೇಕು. ಎಷ್ಟು ಅಂಗಿ ಆಗುತ್ತದೆ? ಅನುಭವಿ ದರ್ಜಿ ಪೆನ್ನು ಹಿಡಿಯುವುದಿಲ್ಲ. ನಾಲ್ಕೂವರೆ ಮೀಟರಿನಲ್ಲಿ ಕಾಲು ಮೀಟರಿನ ತುಂಡುಗಳು 18. ಒಂದು ಅಂಗಿಗೆ ಅಂಥ 3 ತುಂಡು. 18ನ್ನು 3ರಿಂದ ಭಾಗಿಸಿದರೆ 6 ಅಂಗಿ.

ದರ್ಜಿ ಮಾಡಿದ್ದು ಎರಡು ಕೆಲಸ. ಮೊದಲು 4ರಿಂದ ಗುಣಿಸಿ ಬಟ್ಟೆಯನ್ನು ಕಾಲು ಮೀಟರಿನ ಲೆಕ್ಕಕ್ಕೆ ತಂದರು. ಆಮೇಲೆ 3ರಿಂದ ಭಾಗಿಸಿದರು. 4ರಿಂದ ಗುಣಿಸಿ 3ರಿಂದ ಭಾಗಿಸುವುದು ಎಂದರೆ 4/3ರಿಂದ ಗುಣಿಸಿದ ಹಾಗೆ.

9/2 ÷ 3/4 = 9/2 × 4/3 = 36/6 = 6

ಮೇಲಿನ ನಿಯಮ ಇಷ್ಟೇ. 3/4ನ್ನು ತಿರುಗಿಸಿದ 4/3ಕ್ಕೆ ಅದರ ‘ವ್ಯುತ್ಕ್ರಮ’ ಎಂದು ಹೆಸರು. ಒಂದು ಸಂಖ್ಯೆಯನ್ನು ಅದರ ವ್ಯುತ್ಕ್ರಮದಿಂದ ಗುಣಿಸಿದರೆ 1 ಬರುತ್ತದೆ.

ಇನ್ನೊಂದು ರೀತಿಯಲ್ಲೂ ನೋಡಬಹುದು. 20 ÷ 5 = 4. ಎರಡನ್ನೂ ಇಮ್ಮಡಿ ಮಾಡಿದರೆ 40 ÷ 10, ಆಗಲೂ 4. ಭಾಜ್ಯ, ಭಾಜಕ ಎರಡನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ಉತ್ತರ ಬದಲಾಗುವುದಿಲ್ಲ. ಆದ್ದರಿಂದ 9/2 ÷ 3/4 ಎಂಬಲ್ಲಿ ಎರಡನ್ನೂ 4/3ರಿಂದ ಗುಣಿಸೋಣ. ಭಾಜಕ 3/4 × 4/3 = 1 ಆಗುತ್ತದೆ. 1ರಿಂದ ಭಾಗಿಸುವುದೇನೂ ಉಳಿಯಲಿಲ್ಲ. ಉಳಿದದ್ದು 9/2 × 4/3 ಮಾತ್ರ. ಎರಡನೆಯದನ್ನೇ ತಿರುಗಿಸಬೇಕು, ಮೊದಲನೆಯದನ್ನು ಮುಟ್ಟಬಾರದು ಎಂಬುದಕ್ಕೆ ಕಾರಣ ಇದೇ: ನಾವು 1 ಮಾಡಬೇಕಾಗಿರುವುದು ಭಾಜಕವನ್ನು.

ಈ ವಿಧಾನಕ್ಕೆ ನಮ್ಮ ನೆಲದ ನಂಟೂ ಇದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಎಂಬ ಗಣಿತಜ್ಞ ‘ಗಣಿತಸಾರಸಂಗ್ರಹ’ ಎಂಬ ಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದರು. ಭಾಜಕದ ಛೇದವನ್ನು ಅಂಶವಾಗಿಯೂ ಅಂಶವನ್ನು ಛೇದವಾಗಿಯೂ ಮಾಡಿ, ಬಳಿಕ ಗುಣಾಕಾರದಂತೆ ಮಾಡಬೇಕು ಎಂಬ ನಿಯಮ ಅದರಲ್ಲಿದೆ. ಅದಕ್ಕೂ ಮೊದಲು, 628ರಲ್ಲಿ, ಬ್ರಹ್ಮಗುಪ್ತರೂ ಇದನ್ನು ಹೇಳಿದ್ದರು. ನೃಪತುಂಗನ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅದೇ ಶತಮಾನದ ಮೊದಲ ಭಾಗದಲ್ಲಿ ಬಾಗ್ದಾದಿನಲ್ಲಿ ಖಲೀಫ ಅಲ್ ಮಾಮೂನರ ಆಶ್ರಯದಲ್ಲಿದ್ದ ಅಲ್ ಖ್ವಾರಿಝ್ಮಿ ಬೀಜಗಣಿತದ ಗ್ರಂಥವನ್ನು ಬರೆದರು. ಆ ಗ್ರಂಥದ ಹೆಸರಿನಲ್ಲಿರುವ ‘ಅಲ್ ಜಬ್ರ್’ ಎಂಬ ಪದದಿಂದಲೇ ಆಲ್ಜೀಬ್ರಾ ಎಂಬ ಹೆಸರು ಬಂತು. ವ್ಯಾಪಾರ, ಜಮೀನಿನ ಅಳತೆ, ವಾರಸುದಾರರಿಗೆ ಆಸ್ತಿಯ ಪಾಲು ಹಂಚುವುದು, ಇಂಥ ದಿನಬಳಕೆಯ ಲೆಕ್ಕಗಳಿಗಾಗಿಯೇ ಆ ಗ್ರಂಥ ಹುಟ್ಟಿತು. ಗ್ರಂಥದ ದೊಡ್ಡ ಭಾಗ ಆಸ್ತಿ ಪಾಲಿನ ಲೆಕ್ಕಗಳಿಗೇ ಮೀಸಲಾಗಿದೆ. ಆದ್ದರಿಂದ ಬೀಜಗಣಿತವು ನಮ್ಮ ಮನೆಗೆ ಹೊರಗಿನಿಂದ ಬಂದ ಗ್ರಂಥಸ್ಥ ವಿದ್ಯೆ ಎಂದು ಯಾರೂ ಹಿಂಜರಿಯಬೇಕಾಗಿಲ್ಲ.

2. ಭಾಗಲಬ್ಧ ಬೀಜೋಕ್ತಿ ಎಂದರೇನು?

ಅಂಶದಲ್ಲೂ ಛೇದದಲ್ಲೂ ಬಹುಪದೋಕ್ತಿ ಇರುವ ಭಿನ್ನರಾಶಿಗೆ ಭಾಗಲಬ್ಧ ಬೀಜೋಕ್ತಿ ಎನ್ನುತ್ತೇವೆ. ಸರಳವಾಗಿ ಹೇಳುವುದಾದರೆ ಇದು ಅಕ್ಷರಗಳಿರುವ ಭಿನ್ನರಾಶಿ. ಉದಾಹರಣೆಗೆ:

(ಯ + 1)/(ಯ − 2)

‘ಯ’ ಒಂದು ಖಾಲಿ ಜಾಗ. ಅಲ್ಲಿ 5 ಇಟ್ಟರೆ ಇದು 6/3, ಅಂದರೆ 2. 3 ಇಟ್ಟರೆ 4/1, ಅಂದರೆ 4. ಆದರೆ 2 ಇಟ್ಟರೆ? ಮೇಲೆ 3, ಕೆಳಗೆ ಸೊನ್ನೆ.

ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. 6 ÷ 2 = 3 ಎನ್ನುವುದು ಯಾಕೆಂದರೆ 3 × 2 = 6. ಹಾಗಾದರೆ 6 ÷ 0 ಎಷ್ಟು? ಯಾವ ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸಿದರೆ 6 ಬರುತ್ತದೆ? ಅಂಥ ಸಂಖ್ಯೆಯೇ ಇಲ್ಲ. 0 ÷ 0 ಎಂದರೆ ಇನ್ನೊಂದು ತೊಂದರೆ: ಯಾವ ಸಂಖ್ಯೆಯನ್ನು ಇಟ್ಟರೂ ಗುಣಲಬ್ಧ ಸೊನ್ನೆಯೇ ಆಗುವುದರಿಂದ ಒಂದೇ ಉತ್ತರ ಎಂದು ಹೇಳಲಾಗದು.

ಈ ಜಾಗದಲ್ಲಿ ದೊಡ್ಡ ದೊಡ್ಡ ವಿದ್ವಾಂಸರೂ ತಡವರಿಸಿದ್ದಾರೆ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೆಯೇ ಉಳಿಯುತ್ತದೆ ಎಂದು ಮಹಾವೀರಾಚಾರ್ಯರೇ ಬರೆದಿದ್ದರು. ಅದು ಸರಿಯಲ್ಲ ಎಂಬುದು ಇಂದು ನಮಗೆ ತಿಳಿದಿದೆ. 12ನೇ ಶತಮಾನದ ಭಾಸ್ಕರಾಚಾರ್ಯರು ಅಂಥ ರಾಶಿಗೆ ‘ಖಹರ’ ಎಂದು ಬೇರೆಯೇ ಹೆಸರು ಕೊಟ್ಟು ಅದನ್ನು ಅನಂತ ಎಂದು ಪರಿಗಣಿಸಿದರು. ಹೀಗಿರುವಾಗ ಒಂಬತ್ತನೇ ತರಗತಿಯ ಮಗು ಇಲ್ಲಿ ಎಡವಿದರೆ ಗದರುವ ಅಗತ್ಯವಿಲ್ಲ. ಎಚ್ಚರ ಹೇಳಿಕೊಟ್ಟರೆ ಸಾಕು: ಲೆಕ್ಕ ಆರಂಭಿಸುವ ಮೊದಲು ಕೆಳಗೆ ಸೊನ್ನೆ ಬರಿಸುವ ಬೆಲೆಗಳು ಯಾವುವು ಎಂದು ಬರೆದಿಟ್ಟುಕೊಳ್ಳಬೇಕು.

3. ಯಾವುದನ್ನು ಹೊಡೆದುಹಾಕಬಹುದು?

ಮಕ್ಕಳು ಅತಿ ಹೆಚ್ಚು ಅಂಕ ಕಳೆದುಕೊಳ್ಳುವುದು ಈ ಹಂತದಲ್ಲಿ. ಮೇಲೆ ಕೆಳಗೆ ಒಂದೇ ರೀತಿಯದು ಕಂಡ ಕೂಡಲೇ ಗೆರೆ ಎಳೆದು ಕ್ಯಾನ್ಸಲ್ ಮಾಡುತ್ತಾರೆ. ಇವೆರಡನ್ನು ನೋಡಿ:

6ಯ/6 ಮತ್ತು (ಯ + 6)/6

ಮೊದಲನೆಯದರಲ್ಲಿ 6ನ್ನು ಹೊಡೆದುಹಾಕಬಹುದು. ಉತ್ತರ ಯ. ಎರಡನೆಯದರಲ್ಲಿ ಹೊಡೆದುಹಾಕುವಂತಿಲ್ಲ. ಕಾರಣವನ್ನು ಹಣದ ಮೂಲಕ ತಿಳಿಯೋಣ. ಆರು ಜನ ಮಕ್ಕಳಿದ್ದಾರೆ. ತಂದೆ ಯ ರೂಪಾಯಿ ಕೊಟ್ಟರು, ಅಜ್ಜಿ 6 ರೂಪಾಯಿ ಕೊಟ್ಟರು. ಒಟ್ಟು ಹಣವನ್ನು ಆರು ಜನರಿಗೆ ಹಂಚಬೇಕು. ಅಜ್ಜಿಯ ಹಣವನ್ನು ಮಾತ್ರ ಹಂಚಿ, ತಂದೆಯ ಹಣವನ್ನು ಇಡಿಯಾಗಿ ಒಬ್ಬೊಬ್ಬರ ಕೈಗೂ ಇಡಲು ಆಗುತ್ತದೆಯೇ? ಇಲ್ಲ. ತಂದೆಯ ಹಣವೂ ಆರು ಪಾಲಾಗಬೇಕು. ಒಬ್ಬರಿಗೆ ಸಿಗುವುದು ಯ/6 + 1.

ಸಂಖ್ಯೆ ಇಟ್ಟೂ ನೋಡಬಹುದು. ಯ = 12 ಆದರೆ (12 + 6)/6 = 18/6 = 3. 6ನ್ನು ಹೊಡೆದುಹಾಕಿ ಯ ಎಂದು ಬರೆದಿದ್ದರೆ ಉತ್ತರ 12 ಆಗುತ್ತಿತ್ತು. 3 ಎಲ್ಲಿ, 12 ಎಲ್ಲಿ!

ಕೂಡುವ ಅಥವಾ ಕಳೆಯುವ ಚಿಹ್ನೆಯಿಂದ ಸೇರಿಕೊಂಡಿರುವುದಕ್ಕೆ ‘ಪದ’ ಎಂದು ಹೆಸರು. ಗುಣಾಕಾರದಿಂದ ಸೇರಿಕೊಂಡಿರುವುದಕ್ಕೆ ‘ಅಪವರ್ತನ’ ಎಂದು ಹೆಸರು. ಇಡೀ ಅಂಶಕ್ಕೂ ಇಡೀ ಛೇದಕ್ಕೂ ಸಾಮಾನ್ಯವಾಗಿರುವ ಅಪವರ್ತನವನ್ನು ಹೊಡೆದುಹಾಕಬಹುದು. ಪದವನ್ನು ಹೊಡೆದುಹಾಕಬಾರದು. ಈ ಪಾಠದಲ್ಲಿ ಒಂದೇ ಒಂದು ವಾಕ್ಯ ನೆನಪಿಡಬೇಕೆಂದರೆ ಇದನ್ನೇ ನೆನಪಿಡಿ.

ಹೀಗಾಗಿ ಬೀಜೋಕ್ತಿ ಕೈಗೆ ಬಂದ ಕೂಡಲೇ ಮಾಡಬೇಕಾದ ಕೆಲಸ ಅಪವರ್ತಿಸುವುದು. ಪದಗಳ ರೂಪದಲ್ಲಿರುವುದನ್ನು ಗುಣಾಕಾರದ ರೂಪಕ್ಕೆ ತರಬೇಕು. ಎಂಟು, ಒಂಬತ್ತನೇ ತರಗತಿಯಲ್ಲಿ ಕಲಿತ ಮೂರು ವಿಧಾನಗಳು ಹೆಚ್ಚಿನ ಲೆಕ್ಕಗಳಿಗೆ ಸಾಕು:

ಸಾಮಾನ್ಯ ಅಪವರ್ತನ ಹೊರತೆಗೆಯುವುದು: ಯ² + 2ಯ = ಯ(ಯ + 2)

ವರ್ಗಗಳ ವ್ಯತ್ಯಾಸ: ಯ² − 9 = (ಯ + 3)(ಯ − 3)

ಮಧ್ಯದ ಪದವನ್ನು ಒಡೆಯುವುದು: ಯ² + 5ಯ + 6 = (ಯ + 2)(ಯ + 3), ಯಾಕೆಂದರೆ 2 + 3 = 5, 2 × 3 = 6

4. ಈಗ ಪೂರ್ತಿ ಲೆಕ್ಕ

ಸಂಕ್ಷೇಪಿಸಿ:

(ಯ² − 9)/(ಯ² + 5ಯ + 6) ÷ (ಯ − 3)/(ಯ² + 2ಯ)

ನೋಡಿದರೆ ಭಯವಾಗುವಂತಿದೆ. ನಾಲ್ಕು ಹೆಜ್ಜೆಗಳಲ್ಲಿ ಮಾಡೋಣ.

ಮೊದಲ ಹೆಜ್ಜೆ, ಅಪವರ್ತಿಸಿ. ಮೇಲೆ ಹೇಳಿದ ಮೂರೂ ವಿಧಾನಗಳು ಇಲ್ಲಿ ಬರುತ್ತವೆ.

(ಯ + 3)(ಯ − 3)/[(ಯ + 2)(ಯ + 3)] ÷ (ಯ − 3)/[ಯ(ಯ + 2)]

ಎರಡನೇ ಹೆಜ್ಜೆ, ಯಾವ ಬೆಲೆಗಳು ಬಾರವು ಎಂದು ಬರೆಯಿರಿ. ಮೊದಲ ಛೇದದಲ್ಲಿ ಯ = −2 ಅಥವಾ −3 ಆದರೆ ಸೊನ್ನೆ. ಎರಡನೇ ಛೇದದಲ್ಲಿ ಯ = 0 ಅಥವಾ −2 ಆದರೆ ಸೊನ್ನೆ. ಇಷ್ಟಕ್ಕೆ ನಿಲ್ಲಿಸಬೇಡಿ. ಭಾಗಿಸುವ ರಾಶಿಯೇ ಸೊನ್ನೆ ಆಗಬಾರದಲ್ಲವೇ? ಭಾಜಕದ ಅಂಶ ಯ − 3. ಆದ್ದರಿಂದ ಯ = 3 ಕೂಡ ಬಾರದು. ಒಟ್ಟಿನಲ್ಲಿ ಯ ≠ −3, −2, 0, 3.

ಮೂರನೇ ಹೆಜ್ಜೆ, ಭಾಜಕದ ವ್ಯುತ್ಕ್ರಮದಿಂದ ಗುಣಿಸಿ. ಮೊದಲ ಬೀಜೋಕ್ತಿ ಇದ್ದಂತೆಯೇ ಇರಲಿ.

(ಯ + 3)(ಯ − 3)/[(ಯ + 2)(ಯ + 3)] × ಯ(ಯ + 2)/(ಯ − 3)

ನಾಲ್ಕನೇ ಹೆಜ್ಜೆ, ಸಾಮಾನ್ಯ ಅಪವರ್ತನಗಳನ್ನು ಹೊಡೆದುಹಾಕಿ. ಮೇಲೆ ಕೆಳಗೆ (ಯ + 3) ಹೋಯಿತು. (ಯ − 3) ಹೋಯಿತು. (ಯ + 2) ಹೋಯಿತು. ಉಳಿದದ್ದು:

ಯ

ಅಷ್ಟು ಉದ್ದದ ಲೆಕ್ಕದ ಉತ್ತರ ಒಂದೇ ಅಕ್ಷರ. ಉತ್ತರದ ಪಕ್ಕದಲ್ಲಿ ಯ ≠ −3, −2, 0, 3 ಎಂದು ಬರೆದರೆ ಉತ್ತರ ಪೂರ್ಣವಾಯಿತು.

ಇನ್ನು ಮಕ್ಕಳು ಕೇಳಬೇಕಾದ ಪ್ರಶ್ನೆ: "ಉತ್ತರ ಬರೀ ಯ. ಅದರಲ್ಲಿ 3 ಇಟ್ಟರೆ 3 ಬರುತ್ತದೆ, ತೊಂದರೆ ಏನು?" ಮೂಲ ಲೆಕ್ಕಕ್ಕೆ ಹೋಗಿ 3 ಇಟ್ಟು ನೋಡಿ. ಮೊದಲ ಬೀಜೋಕ್ತಿ 0/30, ಅಂದರೆ 0. ಎರಡನೆಯದು 0/15, ಅದೂ 0. ಲೆಕ್ಕ 0 ÷ 0 ಆಯಿತು. ಅದಕ್ಕೆ ಅರ್ಥವಿಲ್ಲವೆಂದು ಆಗಲೇ ನೋಡಿದ್ದೇವೆ. ಸಂಕ್ಷೇಪಿಸಿದ ಉತ್ತರದಲ್ಲಿ ಆ ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಅದಕ್ಕಾಗಿಯೇ ಹೊಡೆದುಹಾಕುವ ಮೊದಲು ಬರೆದಿಡಬೇಕು.

5. ಚಿಹ್ನೆ ತಿರುಗಿದ್ದರೆ?

(ಯ² − 25)/(2ಯ + 6) ÷ (5 − ಯ)/(ಯ² + 3ಯ)

ಅಪವರ್ತಿಸಿದರೆ:

(ಯ + 5)(ಯ − 5)/[2(ಯ + 3)] ÷ (5 − ಯ)/[ಯ(ಯ + 3)]

ಇಲ್ಲಿ ಯ − 5 ಮತ್ತು 5 − ಯ ಬೇರೆ ಬೇರೆಯಾಗಿ ಕಾಣುತ್ತವೆ. ಯ = 7 ಇಟ್ಟರೆ ಮೊದಲನೆಯದು 2, ಎರಡನೆಯದು −2. ಒಂದರ ಋಣ ಇನ್ನೊಂದು. ಆದ್ದರಿಂದ 5 − ಯ = −(ಯ − 5) ಎಂದು ಬರೆದುಕೊಳ್ಳಿ. ಬಳಿಕ ವ್ಯುತ್ಕ್ರಮದಿಂದ ಗುಣಿಸಿ:

(ಯ + 5)(ಯ − 5)/[2(ಯ + 3)] × ಯ(ಯ + 3)/[−(ಯ − 5)] = −ಯ(ಯ + 5)/2

ಬಾರದ ಬೆಲೆಗಳು: ಯ ≠ −3, 0, 5.

ಅನೇಕ ಮಕ್ಕಳು (ಯ − 5) ಮತ್ತು (5 − ಯ) ಹೊಡೆದುಹಾಕಿ 1 ಎಂದು ಬರೆಯುತ್ತಾರೆ. ಬರಬೇಕಾದದ್ದು −1. ಒಂದು ಚಿಹ್ನೆಯಿಂದ ಉತ್ತರವೇ ತಪ್ಪುತ್ತದೆ.

6. ಪೋಷಕರಿಗೆ: ಒಂದು ಸಂಖ್ಯೆ ಇಟ್ಟು ನೋಡಿ

ಮೇಲಿನ ಹೆಜ್ಜೆಗಳು ತಿಳಿಯದಿದ್ದರೂ ತೊಂದರೆಯಿಲ್ಲ. ನಿಮಗೆ ಕೂಡುವುದು, ಕಳೆಯುವುದು, ಗುಣಿಸುವುದು, ಭಿನ್ನರಾಶಿ ಭಾಗಿಸುವುದು ಬಂದರೆ ಸಾಕು. ಮಗು ಲೆಕ್ಕ ಮುಗಿಸಿದ ಮೇಲೆ ಹೇಳಿ: "ಯ ಇರುವ ಕಡೆಯೆಲ್ಲಾ 4 ಇಟ್ಟು ನೋಡೋಣ." ಬಾರದ ಬೆಲೆಗಳ ಪಟ್ಟಿಯಲ್ಲಿ ಆ ಸಂಖ್ಯೆ ಇಲ್ಲವೆಂದು ಮೊದಲು ನೋಡಿಕೊಳ್ಳಿ.

ನಾಲ್ಕನೇ ಭಾಗದ ಲೆಕ್ಕವನ್ನೇ ತೆಗೆದುಕೊಳ್ಳೋಣ.

ಯ² − 9 ಎಂದರೆ 16 − 9 = 7.
ಯ² + 5ಯ + 6 ಎಂದರೆ 16 + 20 + 6 = 42.
ಮೊದಲ ಭಿನ್ನರಾಶಿ 7/42, ಅಂದರೆ 1/6.
ಯ − 3 ಎಂದರೆ 1. ಯ² + 2ಯ ಎಂದರೆ 16 + 8 = 24.
ಎರಡನೇ ಭಿನ್ನರಾಶಿ 1/24.
1/6 ÷ 1/24 = 1/6 × 24 = 4.

ಮಗುವಿನ ಉತ್ತರ ಯ. ಯ ಎಂದರೆ 4. ಎರಡೂ ಸರಿಹೊಂದಿತು.

ಅದೇ ಮಗು ಮೊದಲ ಬೀಜೋಕ್ತಿಯಲ್ಲಿ ಮೇಲಿನ ಯ² ಮತ್ತು ಕೆಳಗಿನ ಯ² ಹೊಡೆದುಹಾಕಿ −9/(5ಯ + 6) ಎಂದು ಬರೆದಿತ್ತು ಎಂದುಕೊಳ್ಳಿ. 4 ಇಟ್ಟರೆ −9/26 ಬರುತ್ತದೆ. ಬರಬೇಕಾದದ್ದು 1/6. ತಪ್ಪು ಕೂಡಲೇ ಸಿಕ್ಕಿಬಿತ್ತು. ಯಾರೂ ಬೈಯಬೇಕಾಗಿಲ್ಲ, ಲೆಕ್ಕವೇ ಹೇಳುತ್ತದೆ.

ಐದನೇ ಭಾಗದ ಲೆಕ್ಕದಲ್ಲಿ ಯ = 2 ಇಡಿ. ಮೊದಲನೆಯದು −21/10. ಎರಡನೆಯದು 3/10. ಭಾಗಿಸಿದರೆ −7. ಉತ್ತರ −ಯ(ಯ + 5)/2ರಲ್ಲಿ 2 ಇಟ್ಟರೆ −2 × 7/2, ಅಂದರೆ −7. ಸರಿ.

ಒಂದು ಸಂಖ್ಯೆಗೆ ಹೊಂದಿದ ಮಾತ್ರಕ್ಕೆ ಉತ್ತರ ಸರಿ ಎಂದು ಪೂರ್ತಿ ಸಾಬೀತಾಗುವುದಿಲ್ಲ, ಅಪರೂಪಕ್ಕೆ ತಪ್ಪು ಉತ್ತರವೂ ಒಂದು ಸಂಖ್ಯೆಗೆ ಹೊಂದಬಹುದು. ಆದ್ದರಿಂದ ಎರಡು ಬೇರೆ ಬೇರೆ ಸಂಖ್ಯೆ ಇಟ್ಟು ನೋಡುವುದು ಒಳ್ಳೆಯದು. ಹೊಂದದಿದ್ದರೆ ಮಾತ್ರ ಎಲ್ಲೋ ತಪ್ಪಿದೆ ಎಂಬುದು ಖಂಡಿತ. ಆಗ ಮೊದಲು ಸಂಖ್ಯೆಗಳ ಲೆಕ್ಕವನ್ನು ಇನ್ನೊಮ್ಮೆ ನೋಡಿ, ಬಳಿಕ ಹೆಜ್ಜೆಗಳನ್ನು ನೋಡಿ.

ಪುಸ್ತಕದ ಮುಂದೆ ಕುಳಿತ ಮಗುವಿಗೆ ಮೂರು ಪ್ರಶ್ನೆ ಕೇಳುವ ಅಭ್ಯಾಸ ಇಟ್ಟುಕೊಳ್ಳಿ.

"ಕೆಳಗೆ ಸೊನ್ನೆ ಯಾವಾಗ ಬರುತ್ತದೆ, ಬರೆದಿಟ್ಟೆಯಾ?"
"ನೀನು ಹೊಡೆದುಹಾಕಿದ್ದು ಗುಣಾಕಾರದಲ್ಲಿತ್ತಾ, ಕೂಡುವುದರಲ್ಲಿತ್ತಾ?"
"ಸಂಖ್ಯೆ ಇಟ್ಟು ನೋಡಿದೆಯಾ?"

ಈ ಮೂರಕ್ಕೂ ಉತ್ತರ ಕೊಡುವ ಮಗು ವಿಷಯ ಕಲಿತಿದೆ ಎಂದು ನಂಬಬಹುದು. "ನಮಗೆ ಓದು ಗೊತ್ತಿಲ್ಲ, ನಾವೇನು ಹೇಳಿಕೊಡುವುದು" ಎಂದು ಅನೇಕ ತಾಯಂದಿರು ದೂರ ಉಳಿಯುತ್ತಾರೆ. ಹೇಳಿಕೊಡಬೇಕಾಗಿಲ್ಲ, ಕೇಳಿದರೆ ಸಾಕು. ತನ್ನ ತಾಯಿಗೆ ಅರ್ಥವಾಗುವಂತೆ ವಿವರಿಸುವಾಗಲೇ ಮಗುವಿಗೆ ತನ್ನ ಗೊಂದಲ ಎಲ್ಲಿದೆ ಎಂದು ಗೊತ್ತಾಗುತ್ತದೆ.

7. ಸಾಮಾನ್ಯವಾಗಿ ಆಗುವ ತಪ್ಪುಗಳು

ಮೊದಲನೆಯದನ್ನು ತಿರುಗಿಸುವುದು. 6 ಲೀಟರ್ ಹಾಲಿನಲ್ಲಿ ಅರ್ಧ ಲೀಟರಿನ ಪೊಟ್ಟಣ ಎಷ್ಟು? 12. ಎರಡನೆಯದರ ಬದಲು 6ನ್ನೇ ತಿರುಗಿಸಿದರೆ 1/6 × 1/2 = 1/12 ಬರುತ್ತದೆ. ಆರು ಲೀಟರ್ ಹಾಲಿನಿಂದ ಒಂದು ಪೊಟ್ಟಣವೂ ಆಗದೆಂದರೆ ಯಾರು ಒಪ್ಪುತ್ತಾರೆ?

ಭಾಗಾಕಾರದ ಚಿಹ್ನೆ ಇರುವಾಗಲೇ ಎರಡೂ ಕಡೆಯ ಅಂಶ, ಛೇದಗಳನ್ನು ಅಡ್ಡವಾಗಿ ಹೊಡೆದುಹಾಕುವುದು. ಮೊದಲು ವ್ಯುತ್ಕ್ರಮ, ಆಮೇಲೆ ಹೊಡೆದುಹಾಕುವುದು. ಈ ಕ್ರಮ ತಪ್ಪಬಾರದು.

ಎರಡು ಭಾಗಾಕಾರ ಒಟ್ಟಿಗೆ ಬಂದಾಗ ಬಲದಿಂದ ಮಾಡುವುದು. 24 ÷ 4 ÷ 2 ಎಂದರೆ ಎಡದಿಂದ 6 ÷ 2 = 3. ಬಲದಿಂದ ಮಾಡಿದರೆ 24 ÷ 2 = 12 ಆಗಿ ತಪ್ಪುತ್ತದೆ. ಬೀಜೋಕ್ತಿಗಳಿಗೂ ಇದೇ ಕ್ರಮ.

ಭಿನ್ನರಾಶಿಯ ಮೇಲೆ ಭಿನ್ನರಾಶಿ ಇದ್ದರೆ ಹೆದರುವುದು. ನಡುವಿನ ಉದ್ದ ಗೆರೆಯೇ ಭಾಗಾಕಾರದ ಚಿಹ್ನೆ. ಅದನ್ನು ÷ ಎಂದು ಬರೆದುಕೊಂಡರೆ ಹಳೆಯ ಲೆಕ್ಕವೇ ಆಯಿತು.

8. ಮುಂದೆ ಇದು ಎಲ್ಲಿ ಬೇಕು?

ಹತ್ತನೇ ತರಗತಿಯ ವರ್ಗ ಸಮೀಕರಣದಲ್ಲಿ ವೇಗ ಮತ್ತು ಕಾಲದ ಲೆಕ್ಕಗಳಿವೆ. ಗಂಟೆಗೆ ಯ ಕಿಲೋಮೀಟರ್ ವೇಗದಲ್ಲಿ 180 ಕಿಲೋಮೀಟರ್ ಹೋಗಲು 180/ಯ ಗಂಟೆ, ವೇಗ 10 ಹೆಚ್ಚಾದರೆ 180/(ಯ + 10) ಗಂಟೆ. ಇವೂ ಭಾಗಲಬ್ಧ ಬೀಜೋಕ್ತಿಗಳೇ. ಛೇದವನ್ನು ಸರಿಯಾಗಿ ಹಿಡಿಯಲು ಬಾರದಿದ್ದರೆ ಸಮೀಕರಣವೇ ಏಳುವುದಿಲ್ಲ.

ಪ್ರಥಮ ಪಿಯುಸಿಯಲ್ಲಿ ಮಿತಿ ಎಂಬ ಪಾಠವಿದೆ. ಅಲ್ಲಿ (ಯ² − 4)/(ಯ − 2) ಎಂಬಂಥ ಲೆಕ್ಕ ಬರುತ್ತದೆ. ಯ = 2 ಇಡುವಂತಿಲ್ಲ, ಕೆಳಗೆ ಸೊನ್ನೆ. ಆದರೆ 2.1 ಇಟ್ಟರೆ 4.1, 2.01 ಇಟ್ಟರೆ 4.01. ಯ ಎಂಬುದು 2ಕ್ಕೆ ಹತ್ತಿರವಾದಷ್ಟೂ ಬೆಲೆ 4ಕ್ಕೆ ಹತ್ತಿರವಾಗುತ್ತದೆ. ಹತ್ತನೆಯಲ್ಲಿ "ಬಾರದ ಬೆಲೆ" ಎಂದು ಪಕ್ಕದಲ್ಲಿ ಬರೆದಿಟ್ಟದ್ದೇ ಪಿಯುಸಿಯಲ್ಲಿ ಪಾಠವಾಗುತ್ತದೆ. ಅಪವರ್ತನ ತಿಳಿದ ಮಗುವಿಗೆ ಇದು ಎರಡು ನಿಮಿಷದ ಲೆಕ್ಕ. ತಿಳಿಯದ ಮಗುವಿಗೆ ಇಡೀ ಅಧ್ಯಾಯ ಮುಚ್ಚಿದ ಬಾಗಿಲು. ಎಂಜಿನಿಯರಿಂಗ್, ಫಾರ್ಮಸಿ, ಬಿಎಸ್ಸಿ, ಡಿಪ್ಲೊಮಾ ಎಂದು ಮುಂದೆ ಕನಸು ಕಾಣುವ ಮಕ್ಕಳು ಈ ಬಾಗಿಲನ್ನು ಎಂಟರಿಂದ ಹತ್ತನೇ ತರಗತಿಯ ಒಳಗೆ ತೆರೆದುಕೊಳ್ಳಬೇಕು.

ದಾನಿಗಳಲ್ಲಿ ಒಂದು ಮಾತು. ನೀವು ಕೊಟ್ಟ ಹಣ ಮಗುವಿನ ಶುಲ್ಕ, ಪುಸ್ತಕ, ಬಸ್ ಪಾಸಿಗೆ ಸಲ್ಲುತ್ತದೆ. ಅದು ಮಗುವನ್ನು ತರಗತಿಯ ಬೆಂಚಿನವರೆಗೆ ತಲುಪಿಸುತ್ತದೆ. ಆ ಬೆಂಚಿನಲ್ಲಿ ಕುಳಿತ ಮಗು ಕಾರಣ ತಿಳಿದು ಕಲಿತರೆ ಹಣ ಸಾರ್ಥಕ. ನಿಮ್ಮಲ್ಲಿ ಅನೇಕರು ಲೆಕ್ಕ ಬಲ್ಲವರು. ವ್ಯಾಪಾರಸ್ಥರಿದ್ದೀರಿ, ಎಂಜಿನಿಯರುಗಳಿದ್ದೀರಿ, ಶಿಕ್ಷಕರಿದ್ದೀರಿ. ನಿಮ್ಮ ನೆರೆಯ ಒಂದು ಮಗುವಿನ ಜೊತೆ ವಾರಕ್ಕೆ ಒಂದು ಗಂಟೆ ಕುಳಿತು ಮೇಲಿನ ಮೂರು ಪ್ರಶ್ನೆಗಳನ್ನು ಕೇಳಿದರೆ ಅದು ಕೂಡ ದೊಡ್ಡ ನೆರವೇ.

9. ಅಭ್ಯಾಸ

ಉತ್ತರ ನೋಡದೆ ಮಾಡಿ. ಪ್ರತಿ ಲೆಕ್ಕಕ್ಕೂ ಬಾರದ ಬೆಲೆಗಳನ್ನು ಬರೆಯಿರಿ. ಎರಡು ಸಂಖ್ಯೆ ಇಟ್ಟು ಪರೀಕ್ಷಿಸಿ.

(1) 6ಯ²/5 ÷ 3ಯ/10

(2) (ಯ² − 16)/(ಯ + 1) ÷ (ಯ + 4)/(3ಯ + 3)

(3) (ಯ² + 7ಯ + 12)/(ಯ² − 4) ÷ (ಯ + 3)/(ಯ − 2)

(4) (ಯ² − ಯ)/(ಯ² − 49) ÷ (1 − ಯ)/(ಯ + 7)

ಉತ್ತರಗಳು:

(1) 4ಯ, ಯ ≠ 0
(2) 3(ಯ − 4). ಯ ≠ −1, −4
(3) (ಯ + 4)/(ಯ + 2); ಯ ≠ 2, −2, −3
(4) −ಯ/(ಯ − 7). ಯ ≠ 7, −7, 1

ಈ ಸಾಲಿನಲ್ಲಿ ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಬರುವ ಒಂಬತ್ತು, ಹತ್ತು ಮತ್ತು ಪಿಯುಸಿ ವಿದ್ಯಾರ್ಥಿಗಳು ಈ ನಾಲ್ಕು ಲೆಕ್ಕಗಳನ್ನು ಮಾಡಿದ ನೋಟ್ ಪುಸ್ತಕವನ್ನು ಜೊತೆಗೆ ತರಬೇಕೆಂದು ಕೋರುತ್ತೇನೆ. ಇದಕ್ಕೆ ಅಂಕವಿಲ್ಲ, ವಿದ್ಯಾರ್ಥಿವೇತನದ ತೀರ್ಮಾನಕ್ಕೂ ಇದಕ್ಕೂ ಸಂಬಂಧವಿಲ್ಲ. ತಪ್ಪಾಗಿದ್ದರೂ ಅಳಿಸದೆ ತನ್ನಿ. ಎಲ್ಲಿ ತಪ್ಪಿದೆ ಎಂದು ಇಬ್ಬರೂ ಕುಳಿತು ನೋಡೋಣ.